ಮೂರನೇ ಊರಿನವರ ನ್ಯಾಯ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಇವತ್ತು ಕೆಂಗೇರಿ ಸ್ಟೇಷನ್ನಿನಲ್ಲಿ ಮೈಸೂರಿನ ಗಾಡಿಗೆ ಕಾಯುತ್ತಾ ಕುಳಿತಾಗ ತಡೆಯಲಾಗಲಿಲ್ಲ.

ಪಕ್ಕದಲ್ಲಿ ನಾಗರಬಾವಿಯ ಕಡೆ ಲಾ ಓದುವ ಹುಡುಗಿಯೊಬ್ಬಳು ದಪ್ಪ ಪುಸ್ತಕ ಹಿಡಿದಿದ್ದಳು. ಏನಮ್ಮ ಅದು ಎಂದೆ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶಗಳು ವಿದೇಶಿ ಬಂಡವಾಳ ಬರಲೆಂದು ವ್ಯಾಜ್ಯ ತೀರಿಸುವ ಕಾನೂನನ್ನೇ ಬದಲಿಸಲು ಹೊರಟಿವೆಯಂತೆ.

“ಜಗಳ ಆದ್ರೆ ಅವರ ಕಡೆಯವರೂ ಬೇಡ, ಇವರ ಕಡೆಯವರೂ ಬೇಡ. ಮೂರನೇ ದೇಶದವರು ತೀರ್ಪು ಹೇಳ್ಬೇಕು ತಾತ. ಅದನ್ನ ಅಲ್ಲಿನ ಕೋರ್ಟು ಒಪ್ಕೋಬೇಕು.”

“ಊರಿನವರ ಮೇಲೆ ಅಷ್ಟೂ ನಂಬಿಕೆ ಇಲ್ವೇನಮ್ಮ?”

ಅವಳು ನಕ್ಕಳು. “ನಿಮ್ ಭಾಮೈದನೇ ಅಂಪೈರ್ ಆದ್ರೆ ನಾನ್ಯಾಕೆ ಆಟಕ್ಕೆ ಬರ್ಲಿ, ಹೇಳಿ!”

ನನಗೆ ನಗು ಬರಲಿಲ್ಲ. ನಮ್ಮ ಹೆಗ್ಗನಹಳ್ಳಿಯಲ್ಲಿ ಅಂಥ ಅಂಪೈರ್ ನಾನೇ ಆಗಿದ್ದೆ. ಗದಗದ ಕಡೆಯಿಂದ ಬಂದವರೊಬ್ಬರು ನನ್ನ ಭಾವಮೈದನ ಶೆಡ್ಡಿನಲ್ಲಿ ಹಿಟ್ಟಿನ ಗಿರಣಿ ಹಾಕಿದ್ದರು. ಆಗ ಬೆಳಗಾದರೆ ಬೀದಿಗೆಲ್ಲ ಬಿಸಿ ಜೋಳದ ಹಿಟ್ಟಿನ ವಾಸನೆ, ಈಗಲೂ ಮೂಗಿನಲ್ಲಿದೆ. ವ್ಯಾಪಾರ ಕುದುರಿದ ಮೇಲೆ ಭಾವಮೈದ, ಒಪ್ಪಿದ್ದ ಗಡುವಿಗೆ ಮೊದಲೇ ಶೆಡ್ ಬಿಡಿ ಎಂದ. ಬೀದಿಗೆ ಹಿರಿಯನೆಂದು ಪಂಚಾಯಿತಿ ನನ್ನ ಮುಂದೆಯೇ ಬಂತು. ರೂಢಿಯಂತೆ ಗಿರಣಿಯವರು ನನ್ನ ಕೈಗೆ ವೀಳ್ಯ ಕೊಟ್ಟು, “ನೀವ್ ಹಿರ್ಯಾರು, ಹೇಳಿದಂಗ ಕೇಳ್ತೀನ್ರಿ” ಎಂದರು. ಆ ವೀಳ್ಯ ಹಿಡಿದುಕೊಂಡೇ ನಾನು, ಶೆಡ್ ಬಿಟ್ಟುಕೊಡಿ ಎಂದೆ. ಅವರು ಬೀಸುವ ಕಲ್ಲುಗಳನ್ನು ಲಾರಿಗೆ ಹೇರಿಕೊಂಡು ಹೊರಟುಹೋದರು.

ತಪ್ಪಾಯಿತು ಎಂದು ಅವರಿಗೆ ನಾನು ಹೇಳಲೇ ಇಲ್ಲ. ಅವರ ಹೆಸರು ಸಂಗಪ್ಪ.