ದೊಡ್ಡಮ್ಮನ ಪಿತ್ತಕೋಶ

ಹಂಗಳದಲ್ಲಿರುವ ನನ್ನ ಅಮ್ಮನ ಅಕ್ಕನದು ಪಿತ್ತದ ಮೈ ಎಂದು ಎಲ್ಲರೂ ಹೇಳುತ್ತಿದ್ದರು. ಬೆಳಿಗ್ಗೆ ಅವಳು ಜೀರಿಗೆ ಕಷಾಯ ಕುಡಿದು ಮುಗಿಸುವವರೆಗೆ ಮನೆಯಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಸಿಟ್ಟು ಹೆಚ್ಚಾದ ದಿನ ಸೊಸೆ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಎಣ್ಣೆ ಇಳಿದಂತೆ ಪಿತ್ತವೂ ಇಳಿಯುತ್ತದೆ ಎಂಬ ನಂಬಿಕೆ. ದೊಡ್ಡಪ್ಪ ತೀರಿದ ಮೇಲೆ ಹೊಲ ಉಳಿದದ್ದು ಆ ಸಿಟ್ಟಿನಿಂದಲೇ. ಬದು ಒತ್ತಲು ಬಂದಿದ್ದ ಮೈದುನ ಅವಳ ದನಿಗೇ ಹಿಂದೆ ಸರಿದಿದ್ದ.

ಹಾಗಾಗಿ ಬಲಪಕ್ಕೆಯ ಕೆಳಗೆ ನೋವು ಬಂದಾಗಲೂ ಹಚ್ಚಿದ್ದು ಹರಳೆಣ್ಣೆಯನ್ನೇ, ಅದೂ ನೆತ್ತಿಗೆ. ಅವಳೇ ಕೇಳಿ ಹಚ್ಚಿಸಿಕೊಂಡಳು. ಮಾರನೆಯ ದಿನ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತಿದ್ದವಳು ಕಂಬ ಹಿಡಿದು ನಿಧಾನವಾಗಿ ಕುಸಿದು ಕುಳಿತಳು. ಯಾರನ್ನೂ ಬೈಯಲಿಲ್ಲ. ಅದಕ್ಕೇ ಹೆದರಿ ಅವಳನ್ನು ನೇರ ಆಸ್ಪತ್ರೆಗೆ ಕರೆದೊಯ್ದೆ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಪಿತ್ತಕೋಶದಲ್ಲಿ ಕಲ್ಲುಗಳಿವೆ, ಕೋಶವನ್ನೇ ತೆಗೆಯಬೇಕು ಎಂದರು. ದೊಡ್ಡಮ್ಮ ಒಪ್ಪಲಿಲ್ಲ.

“ಪಿತ್ತದ ಚೀಲನೇ ಕಿತ್ಬುಟ್ರೆ ನಾನು ತಣ್ಣಗಾಗೋಯ್ತೀನಿ ಕಣಮ್ಮಿ. ಆಮೇಲೆ ನನ್ ಮೈದ ಬಾಗ್ಲಗಂಟ ಉತ್ಕಂಡು ಬತ್ತಾನೆ.”

“ನೋವು?”

“ತಡ್ಕತೀನಿ ಬುಡು.”

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಡಾಕ್ಟರು ಆಡಿದ ಇಂಗ್ಲಿಷ್ ಪದಗಳನ್ನು ಫೋನಿನ ನಿಘಂಟಿನಲ್ಲಿ ಹುಡುಕಿದೆ. ಒಂದು ಪದ ಇನ್ನೊಂದಕ್ಕೆ ಕರೆದೊಯ್ಯಿತು. ‘ಬಿಲಿಯಸ್’ ಎಂದರೆ ಪಿತ್ತ ಕೆರಳಿದ. ಸಿಡುಕಿನ ಎಂದೂ ಅರ್ಥ. ‘ಗಾಲ್’ ಎಂದರೆ ಪಿತ್ತ. ಎದುರು ನಿಲ್ಲುವ ಧಾರ್ಷ್ಟ್ಯವೂ ಹೌದು. ಮುಂಗೋಪಿಯನ್ನು ‘ಕಾಲರಿಕ್’ ಎನ್ನುತ್ತಾರೆ. ಅದು ಪಿತ್ತಕ್ಕಿದ್ದ ಹಳೆಯ ಗ್ರೀಕ್ ಪದದಿಂದ ಬಂದದ್ದು, ಕಾಲರಾ ರೋಗದ ಹೆಸರೂ ಅಲ್ಲಿಂದಲೇ ಬಂದಿರಬಹುದಂತೆ. ‘ಮೆಲಂಕಲಿ’ ಎಂಬ ವಿಷಾದವೂ ಮೂಲದಲ್ಲಿ ಕಪ್ಪು ಪಿತ್ತ. ಸಮುದ್ರದ ಆಚೆಯವರೂ ಸಿಟ್ಟನ್ನು ಅದೇ ಜಾಗದಲ್ಲಿ ಇಟ್ಟಿದ್ದರು. ದೊಡ್ಡಮ್ಮನ ಭಯ ಹಂಗಳದ್ದು ಮಾತ್ರ ಅಲ್ಲ ಎಂದು ತಿಳಿದು ನನ್ನ ಆತಂಕ ಕೊಂಚ ಇಳಿಯಿತು. ಆದರೆ ಕೋಶ ತೆಗೆಸಿಕೊಂಡವರ ಸಿಟ್ಟು ಏನಾಗುತ್ತದೆ ಎಂದು ಯಾವ ಪದವೂ ಹೇಳಲಿಲ್ಲ.

ಡಾಕ್ಟರನ್ನೇ ಕರೆತಂದೆ.

“ಪಿತ್ತ ತಯಾರಾಗೋದು ಲಿವರ್‌ನಲ್ಲಿ ಅಮ್ಮ,” ಎಂದರು ಅವರು. “ಈ ಚೀಲ ಬರೀ ತುಂಬಿಡೋ ಜಾಗ. ಅದನ್ನ ತೆಗೆದರೂ ಪಿತ್ತ ಆಗ್ತಾನೇ ಇರುತ್ತೆ. ಸಿಟ್ಟಿಗೂ ಅದಕ್ಕೂ ಸಂಬಂಧ ಇಲ್ಲ.”

ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ದೊಡ್ಡಮ್ಮನಿಗೆ ಕೇಳಿಸಿತು. “ಅಂಗಾರೆ ಕಣಜ ತೆಗೀತೀರಿ, ಬೆಳೆ ಬತ್ತಾನೇ ಇರ್ತದೆ. ಸರಿ, ಕುಯ್ರಿ.”

ಆಪರೇಷನ್ ಆದ ಮೇಲೆ ಅವಳು ತುಂಬ ಮೆದುವಾಗಿದ್ದಳು. ನರ್ಸಿಗೆ, “ನಿಂಗೆ ಪುಣ್ಯ ಬರ್ಲಿ ಕಣವ್ವ,” ಎಂದಳು. ನನಗೆ ಮತ್ತೆ ಭಯವಾಯಿತು. ಸಂಜೆ ನೋಡಲು ಬಂದ ಮೈದುನ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

“ಅತ್ಗೆಮ್ಮ, ನೀವು ಸುಧಾರಿಸ್ಕಳಗಂಟ ಆ ಮೂಡ್ಲು ಒಲ ನಾನೇ ನೋಡ್ಕತೀನಿ.”

ದೊಡ್ಡಮ್ಮ ಕಣ್ಣು ತೆರೆಯಲಿಲ್ಲ. ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದಳು.

“ಕಾಲಿಟ್ಟು ನೋಡ್ಲಾ.”

ದನಿ ದೊಡ್ಡದಿರಲಿಲ್ಲ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಸ್ವಲ್ಪ ಹೊತ್ತಿಗೆ ಬಸ್ಸಿನ ನೆಪ ಹೇಳಿ ಎದ್ದ.

ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು.

“ಇನ್ನೂ ಅದೆ ಕಣಮ್ಮಿ. ಎಲ್ಲೂ ಓಗಿಲ್ಲ. ಊರ್ಗೋದ್ಮೇಲೆ ನೆತ್ತಿಗೆ ಒಂಚೂರು ಎಣ್ಣೆ ತಟ್ಟು.”