ಸೊನ್ನೆಯ ಕೆಳಗಿನ ಲೆಕ್ಕ ಕಲಿತ ಐಸಕ್ಕ

ಹೊರಗೆ ಇನ್ನೂ ನಸುಗತ್ತಲು. ರಾತ್ರಿ ಪಾಳಿಯವನ ಸೈಕಲ್ಲು ಈಗಷ್ಟೇ ಗೇಟು ದಾಟಿದೆ. ಶೀತಗೃಹದ ಹಿಂದಿನ ಕೋಣೆಯ ದಪ್ಪ ಬಾಗಿಲ ಪಕ್ಕ, ಗೋಡೆಯ ಮೇಲೆ ಅಂಗೈಯಗಲದ ಫಲಕವೊಂದು ಮಿನುಗುತ್ತಿದೆ: −22. ಅದರ ಮುಂದೆ ಎರಡು ಸ್ವೆಟರು, ಮೇಲೆ ಗಂಡನ ಹಳೇ ಕೋಟು ತೊಟ್ಟ ಹೆಂಗಸೊಬ್ಬರು ನಿಂತಿದ್ದಾರೆ. ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ತೋರುಬೆರಳನ್ನು ಗುಂಡಿಯ ತನಕ ಒಯ್ದು, ಒತ್ತದೆ ಹಾಗೇ ನಿಲ್ಲಿಸಿದ್ದಾರೆ.

“ಅವಸರ ಏನಿಲ್ಲ,” ಎನ್ನುತ್ತಾರೆ ಹಿಂದೆ ಕೈಕಟ್ಟಿ ನಿಂತ ಸೂಪರ್‌ವೈಸರ್. ಬಾಯಲ್ಲಿ ಅವಸರವಿಲ್ಲ, ಬೂಟಿನ ತುದಿ ಮಾತ್ರ ನೆಲ ಕುಟ್ಟುತ್ತಿದೆ.

ಇಲ್ಲಿ ಎಲ್ಲರಿಗೂ ಇವರು ಐಸಕ್ಕ. ಮಗ ಅಂಬೆಗಾಲಿಡುತ್ತಿದ್ದಾಗ ಡಬ್ಬ ಹೊರಲು ಸೇರಿದವರು; ಈಗ ಆ ಮಗನಿಗೇ ಮದುವೆಯಾಗಿದೆ. ಮೀನಿನ ಡಬ್ಬಗಳನ್ನು ಹೊತ್ತು ಹೊತ್ತು ಮೊಣಕಾಲು ಸವೆದ ಮೇಲೆ ಕೋಣೆಗಳ ಚಳಿ ನೋಡಿಕೊಳ್ಳುವ ಕೆಲಸಕ್ಕೆ ಬಂದರು. ಇವತ್ತು ಬೆಳಿಗ್ಗೆ ಯಾರ ನೆರವೂ ಇಲ್ಲದೆ ಫಲಕ ನಡೆಸಿ ತೋರಿಸಿದರೆ ಈ ಜಾಗ ಅವರದು. ತಪ್ಪಿದರೆ ಮತ್ತೆ ಡಬ್ಬ ಹೊರಬೇಕು. ಅದು ಈ ಮೊಣಕಾಲುಗಳಿಂದ ಆಗದ ಮಾತು.

ಕೆಲಸ ಹೇಳಲು ಸುಲಭ. ಮುಂದಿನ ಕೋಣೆ ತರಕಾರಿಯದು, ಅಲ್ಲಿ 4 ಡಿಗ್ರಿ ಇರಬೇಕು. ಹಿಂದಿನದು ಮೀನಿನದು, ಅಲ್ಲಿ −18. ಮೊದಲು ಗೋಡೆಯಲ್ಲಿ ಮುಳ್ಳಿನ ಮೀಟರು ಇತ್ತು. ಮುಳ್ಳು ಹಸಿರು ಪಟ್ಟೆಯಲ್ಲಿದ್ದರೆ ಐಸಕ್ಕನ ಮುಖದಲ್ಲೂ ನೆಮ್ಮದಿ. ಕೆಂಪಿಗೆ ಸರಿದರೆ ಯಂತ್ರದ ಕೋಣೆಗೆ ಒಂದು ಕೂಗು. ಅಂಕಿಯ ಗೊಡವೆಯೇ ಇರಲಿಲ್ಲ. ಆಮೇಲೆ ಮುಳ್ಳು ಹೋಗಿ ಅಂಕಿಯ ಫಲಕ ಬಂತು. ಎಷ್ಟು ಡಿಗ್ರಿ ಸೇರಿಸಬೇಕು, ಎಷ್ಟು ತೆಗೆಯಬೇಕು ಎಂದು ಒತ್ತಿದರೆ ಯಂತ್ರ ಅಷ್ಟನ್ನೇ ಮಾಡುತ್ತದೆ, ಮರುಮಾತಾಡುವುದಿಲ್ಲ.

ಎಡವಟ್ಟಾಗಿದ್ದು ಅಲ್ಲೇ. ಒಂದು ದಿನ ಫಲಕ −15 ತೋರಿಸುತ್ತಿತ್ತು. ಹದಿನೈದು ಹದಿನೆಂಟಾಗಬೇಕು, ಅಂದರೆ ಮೂರು ಸೇರಿಸಬೇಕು ಎಂದುಕೊಂಡು ಐಸಕ್ಕ ಮೂರು ಸೇರಿಸಿ ಊಟಕ್ಕೆ ಹೋದರು. ತಿರುಗಿ ಬಂದಾಗ ಜೊತೆಯ ಡಬ್ಬದವಳು ಬಾಗಿಲಲ್ಲೇ ಅಡ್ಡ ನಿಂತಿದ್ದಳು.

“ಅಕ್ಕಾ, ಮೀನು ಬೆವರ್ತಿದೆ!”

“ಮೀನು ಬೆವರುತ್ತೇನೇ? ಸುಮ್ನಿರೇ.”

“ಬಂದು ಮುಟ್ಟಿ ನೋಡಿ, ನಾನೇನು ಸುಳ್ಳು ಹೇಳ್ತೀನಾ?”

ಫಲಕದಲ್ಲಿ −12 ಕೂತಿತ್ತು. ಲಾರಿಗೆಂದು ಬಾಗಿಲಾಚೆ ತಂದಿಟ್ಟ ಡಬ್ಬಗಳೆಲ್ಲ ಆಗಲೇ ಒದ್ದೆ. ಸೂಪರ್‌ವೈಸರ್ ಕೂಗಾಡಲಿಲ್ಲ, “ಕಲಿತರೆ ಇಲ್ಲಿರಿ, ಇಲ್ಲಾಂದ್ರೆ ಡಬ್ಬಕ್ಕೆ ಹೋಗಿ,” ಎಂದಷ್ಟೇ ಹೇಳಿದರು. ಕೂಗಾಡಿದ್ದರೇ ಮನಸ್ಸಿಗೆ ಹಗುರವಾಗುತ್ತಿತ್ತು ಎನ್ನುತ್ತಾರೆ ಐಸಕ್ಕ.

ಮನೆಯಲ್ಲಿ ಗುರುವಾದವಳು ಸೊಸೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮೊದಲ ಪಾಠಕ್ಕೇ ಜಗಳ ಹತ್ತಿತು.

“ಐದರಲ್ಲಿ ಎಂಟು ಹೋಗಲ್ಲ ಅಂತ ನಮ್ಮ ಟೀಚರ್ ಹೇಳಿದ್ರು,” ಎಂದರು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅತ್ತೆ. “ಆಗ ಹೋಗದೇ ಇದ್ದಿದ್ದು ಈಗ ಹೇಗೆ ಹೋಗುತ್ತೆ?”

“ಹೋಗುತ್ತೆ ಅತ್ತೆ. ಸೊನ್ನೆ ದಾಟ್ಕೊಂಡು ಕೆಳಗೆ ಹೋಗುತ್ತೆ.”

ಅವರ ಮನೆಯ ಬಾಗಿಲಿನಿಂದ ಮೆಟ್ಟಿಲುಗಳು ಮೇಲೆ ಮಾಳಿಗೆಗೂ ಹೋಗುತ್ತವೆ, ಕೆಳಗೆ ನೆಲಮಾಳಿಗೆಗೂ ಇಳಿಯುತ್ತವೆ. ಸೊಸೆ ಹೊಸ್ತಿಲ ಮೇಲೆ ಸೀಮೆಸುಣ್ಣದಲ್ಲಿ ಸೊನ್ನೆ ಬರೆದಳು. ಮೇಲಿನ ಮೆಟ್ಟಿಲಿಗೆಲ್ಲ ಬರೀ ಅಂಕಿ, ಕೆಳಗಿನವಕ್ಕೆ ಅಂಕಿಯ ಎಡಕ್ಕೊಂದು ಮೈನಸ್ ಗೆರೆ. ಐದರಲ್ಲಿ ನಿಂತು ಎಂಟು ಇಳಿಯಿರಿ ಎಂದಳು. ಅತ್ತೆ ಎಣಿಸುತ್ತ ಇಳಿದರು. ಹೊಸ್ತಿಲು ದಾಟಿತು, ಇನ್ನೂ ಮೂರು ಉಳಿದಿತ್ತು, ಅದನ್ನೂ ಇಳಿದು ನೆಲಮಾಳಿಗೆಯ ಕತ್ತಲಲ್ಲಿ ನಿಂತರು. “ಓ, ಇಲ್ಲಿಗೆ ಬಂತಾ ನಿನ್ನ ಲೆಕ್ಕ!” ಎಂಬ ಕೂಗು ಕೆಳಗಿಂದ ಬಂತು.

−15ರಿಂದ −18ಕ್ಕೆ ಹೋಗಲು ಇನ್ನೂ ಮೂರು ಇಳಿಯಬೇಕು, ಹತ್ತುವುದಲ್ಲ. ಸೇರಿಸಬೇಕಾದದ್ದು ಬರೀ ಮೂರಲ್ಲ, ಮೈನಸ್ ಮೂರು. ಅವತ್ತಿನ ತಪ್ಪು ಕಾಲಿಗೇ ಗೊತ್ತಾಯಿತು.

ಗಂಡನಿಗೆ ಇದೆಲ್ಲ ಪುಕ್ಕಟೆ ನಾಟಕ. “ಮೊಣಕಾಲು ಉಳಿಸ್ಕೊಳ್ಳೋಕೆ ಲೆಕ್ಕ ಕಲಿತೀನಿ ಅಂದೋಳು, ಲೆಕ್ಕ ಕಲಿಯೋಕೆ ಮೊಣಕಾಲು ಸವೆಸ್ತಿದಾಳೆ ನೋಡು!”

“ನೀವು ಎದ್ದು ಒಂದು ಲೋಟ ನೀರು ತಗೊಂಡು ಕುಡೀರಿ, ಸವೆಯುತ್ತಾ ನೋಡೋಣ,” ಎಂದು ಮೆಟ್ಟಿಲಿನಿಂದಲೇ ಉತ್ತರ.

ಕೂಡುವುದು ಕೈಗೆ ಹತ್ತಿತು. ಮೈನಸ್ಸನ್ನು ಕಳೆಯುವುದು ಮಾತ್ರ ತಲೆಗೆ ಹೋಗಲೊಲ್ಲದು. ಆದರೆ ಶೀತಗೃಹದಲ್ಲಿ ಅದಿಲ್ಲದೆ ನಡೆಯುವಂತಿಲ್ಲ. ಮೀನಿನ ಲಾರಿ ಬರುವ ಮುಂಚೆ ಕೋಣೆಗೆ ಒಂದಷ್ಟು ಹೆಚ್ಚಿನ ಚಳಿ ಕೊಟ್ಟಿಡುತ್ತಾರೆ, ದಾರಿಯಲ್ಲಿ ಬಿಸಿಗಾಳಿ ತಿಂದು ಬಂದ ಸರಕು ಬೇಗ ಗಟ್ಟಿಯಾಗಲಿ ಅಂತ. ಮುಂಗಡ ಚಳಿ ಎನ್ನುತ್ತಾರೆ ಅದಕ್ಕೆ. ಸರಕು ಗಟ್ಟಿಯಾದ ಮೇಲೆ, ಕೊಟ್ಟ ಅದೇ ಮೈನಸ್ ಅಂಕಿಯನ್ನು ‘ತೆಗೆ’ ಎಂದು ಒತ್ತಿ ವಾಪಸು ತೆಗೆಯಬೇಕು. ಇಲ್ಲದಿದ್ದರೆ ಕೊಳವೆಗೆಲ್ಲ ಮಂಜು ಕಟ್ಟಿ ಯಂತ್ರ ಏದುಸಿರು ಬಿಡುತ್ತದೆ.

“ತೆಗೆಯೋದೂ ಮೈನಸ್ಸು, ಚಳೀನೂ ಮೈನಸ್ಸು. ಎರಡು ಗೆರೆ ಅಕ್ಕಪಕ್ಕ ಕಂಡ್ರೆ ಕೈ ಹಿಂದಕ್ಕೆ ಎಳ್ಕೊಳ್ತಿದ್ದೆ,” ಎನ್ನುತ್ತಾರೆ ಐಸಕ್ಕ. “ಇನ್ನೂ ಜಾಸ್ತಿ ಚಳಿ ಆಗೋಗುತ್ತೆ ಅನ್ನೋ ಭಯ.”

ಒಂದು ದಿನ ಸೊಸೆ ಪಾಠ ಬದಿಗಿಟ್ಟಳು. ಟವೆಲನ್ನು ನೀರಿಗದ್ದಿ ತಂದು ಅತ್ತೆಯ ಬೆನ್ನಿಗೆ ಹಾಕಿಬಿಟ್ಟಳು.

“ಅಯ್ಯಯ್ಯೋ! ಏನು ಬಂತೇ ನಿಂಗೆ!”

“ಹೇಗಿದೆ ಅತ್ತೆ?”

“ನಡುಗ್ತಿದೀನಿ, ಕಾಣಲ್ವಾ?”

ಸೊಸೆ ಟವೆಲು ತೆಗೆದಳು. “ಈಗ?”

“ಈಗ ಹಾಯಾಗಿದೆ.”

“ನಾನೇನಾದ್ರೂ ಬಿಸಿ ಕೊಟ್ನಾ?”

“ಎಲ್ಲಿ ಕೊಟ್ಟೆ? ಹಾಕಿದ ಚಳೀನೇ ತೆಗೆದೆ.” ಹೇಳಿದ ಮಾತು ತನಗೇ ಹೊಳೆದು ಐಸಕ್ಕ ಹಣೆ ಚಚ್ಚಿಕೊಂಡರಂತೆ. ಆಮೇಲೆ ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ. ಚಳಿ ತೆಗೆದರೆ ಕೋಣೆ ಮೇಲಕ್ಕೇ ಹತ್ತಬೇಕು, ಬೇರೆ ದಾರಿಯೇ ಇಲ್ಲ.

ಈಗ ಫಲಕದ ಮುಂದೆ ಬೆರಳು ಇನ್ನೂ ಗಾಳಿಯಲ್ಲೇ ಇದೆ. ಲಾರಿ ನಿನ್ನೆ ರಾತ್ರಿಯೇ ಬಂದಿತ್ತು, ಸರಕು ಗಟ್ಟಿಯಾಗಿದೆ. ರಾತ್ರಿಯವನು “ಮುಂಗಡ ಚಳಿ ಕೊಟ್ಟಿದ್ದೀನಿ ಅಕ್ಕಾ,” ಎಂದು ಹೋದನೇ ಹೊರತು ಎಷ್ಟು ಎಂದು ಹೇಳಲಿಲ್ಲ. ಐಸಕ್ಕನ ತುಟಿ ಅಲುಗುತ್ತದೆ. ಹದಿನೆಂಟರಿಂದ ಇಪ್ಪತ್ತೆರಡರವರೆಗೆ ಮನಸ್ಸಿನಲ್ಲೇ ಇಳಿಯುತ್ತಿದ್ದಾರೆ. ನಾಲ್ಕು ಇಳಿದಾಯಿತು. ಅಂದರೆ ಕೊಟ್ಟದ್ದು ಮೈನಸ್ ನಾಲ್ಕು, ತೆಗೆಯಬೇಕಾದದ್ದೂ ಅದೇ.

‘ತೆಗೆ’ ಗುಂಡಿ ಒತ್ತುತ್ತಾರೆ. ಆಮೇಲೆ −4.

ಎರಡು ಗೆರೆಗಳು ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. ಸೂಪರ್‌ವೈಸರ್ ಕೆಮ್ಮುತ್ತಾರೆ. ಐಸಕ್ಕ ತಿರುಗಿಯೂ ನೋಡದೆ ಕೊನೆಯ ಗುಂಡಿಯನ್ನೂ ಒತ್ತಿ ಗವಸು ಹಾಕಿಕೊಳ್ಳುತ್ತಾರೆ. ಮೊದಮೊದಲು ಏನೂ ಆಗುವುದಿಲ್ಲ. ಬರಬರುತ್ತ ಯಂತ್ರದ ಗೊರಗೊರ ತಗ್ಗುತ್ತದೆ. −21. ಬಹಳ ಹೊತ್ತಿನ ಮೇಲೆ −20. ಅಂಗಳಕ್ಕೆ ಬಿಸಿಲು ಬರುವಷ್ಟರಲ್ಲಿ ಫಲಕದಲ್ಲಿ −18 ಬಂದು ಕೂತಿದೆ, ಕದಲುತ್ತಿಲ್ಲ.

“ನಾಳೆಯಿಂದ ನಾನು ಇಷ್ಟು ಬೇಗ ಬರಲ್ಲ,” ಎನ್ನುತ್ತಾರೆ ಸೂಪರ್‌ವೈಸರ್. “ಬೆಳಗಿನ ಪಾಳಿ ನಿಮ್ಮದು. ನಾನು ಸ್ವಲ್ಪ ನಿದ್ದೆ ಮಾಡ್ತೀನಿ.”

“ಮಾಡಿ ಸಾರ್, ಕಣ್ಣೂ ಕೆಂಪಾಗಿದೆ,” ಎಂದು ಐಸಕ್ಕ ಸೆರಗಿನಲ್ಲಿ ಫಲಕದ ಗಾಜು ಒರೆಸುತ್ತಾರೆ. ಒರೆಸುವಂಥ ಕೊಳೆ ಅಲ್ಲೇನೂ ಇಲ್ಲ.

ಮೀನು ಬೆವರುತ್ತಿದೆ ಎಂದು ಕೂಗಿದ್ದ ಡಬ್ಬದವಳು ಸೂಪರ್‌ವೈಸರ್ ಹೋಗುವುದನ್ನೇ ಕಾದಿದ್ದವಳಂತೆ ಹತ್ತಿರ ಬರುತ್ತಾಳೆ. ಅವಳ ಸೊಂಟವೂ ಈಚೆಗೆ ನೋಯುತ್ತಿದೆ.

“ಅಕ್ಕಾ, ಇದು ನನ್ನ ತಲೆಗೆ ಹತ್ತುತ್ತಾ? ನಾನು ಮೊದ್ಲೇ ದಡ್ಡಿ. ನಂಗೆ ಯಾರು ಹೇಳ್ಕೊಡ್ತಾರೆ?”

ಐಸಕ್ಕ ಅವಳ ತೋಳು ಹಿಡಿದು ಫಲಕದ ಮುಂದೆ ನಿಲ್ಲಿಸುತ್ತಾರೆ.

“ನಾನಿದೀನಲ್ಲ. ಬೇಗ ಕಲಿತೋರು ಬೇಗ ಹೇಳಿ ಮುಗಿಸ್ಬಿಡ್ತಾರೆ ಕಣೇ. ನಾನು ಎಲ್ಲೆಲ್ಲಿ ಎಡವಬೇಕೋ ಅಲ್ಲೆಲ್ಲ ಎಡವಿದ್ದೀನಿ, ಒಂದನ್ನೂ ಬಿಟ್ಟಿಲ್ಲ. ನಿಂಗೆ ನನಗಿಂತ ಒಳ್ಳೆ ಟೀಚರ್ ಸಿಗ್ತಾರಾ?”