ಮಂಗಳವಾರದ ಓದುಗ

“ಗಾಜಿನ ಮೇಲೆ ಕೈ ಇಡ್ಬೇಡ್ರೀ,” ಅಂದೆ. ಅವನು ಕೈ ತೆಗೆದ, ಕಣ್ಣು ತೆಗೆಯಲಿಲ್ಲ.

ಕುಕ್ ಟೌನಿನ ಹಳೆ ಬಂಗಲೆಯೊಂದರ ಸಣ್ಣ ಮ್ಯೂಸಿಯಮ್ಮಿಗೆ ಆಗ ನಾನು ಕಾವಲುಗಾರ. ಆ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಸಾಹಸದ ಕಾಮಿಕ್ಸ್ ಪುಸ್ತಕವೊಂದಿತ್ತು. ಒಂದೇ ಪುಟಕ್ಕೆ ಬೆಳಕು ಬಿದ್ದು ಬಣ್ಣ ಮಾಸಬಾರದೆಂದು ನಮ್ಮ ಮೇಡಂ ಪ್ರತಿ ಸೋಮವಾರ ಒಂದು ಹಾಳೆ ತಿರುವಿಡುತ್ತಿದ್ದರು.

ಅವನದು ಕೆ.ಆರ್. ಪುರದಲ್ಲಿ ಕಟಿಂಗ್ ಶಾಪು, ಊರು ಕಲಬುರಗಿ ಕಡೆ. ಅಂಗಡಿಗೆ ಮಂಗಳವಾರ ರಜೆ. ಪ್ರತಿ ಮಂಗಳವಾರ ಬಸ್ಸು ಹತ್ತಿ ಬಂದು, ತೆರೆದಿದ್ದ ಎರಡು ಪುಟ ನಿಧಾನವಾಗಿ ಓದಿ, ಹೊರಟುಹೋಗುತ್ತಿದ್ದ.

“ಕೊನೆಗೆ ಏನಾಗುತ್ತೆ ಅಂತ ಮೇಡಮ್ಮನ್ನ ಕೇಳಿ ಹೇಳ್ಲಾ?” ಅಂದೆ ಒಂದು ಸಲ.

“ಬ್ಯಾಡ್ರಿ ಅಜ್ಜಾರ. ಹೇಳಿದ್ರ ನಿಮ್ಮ ಮೀಸಿ ಉಳಿಯಂಗಿಲ್ಲ.”

ಅಂಥ ತಾಳ್ಮೆ ನಾನು ಬೇರೆಲ್ಲೂ ಕಂಡಿಲ್ಲ.

ಕಥೆಯ ಹೀರೋ ಪಾಳುಬಾವಿಗೆ ಬಿದ್ದ ಮರುಸೋಮವಾರವೇ ಮೇಡಂ ಬಂದು, “ಈ ಪುಸ್ತಕ ಒಳಗಿಟ್ಬಿಡೋಣ. ಪೆಟ್ಟಿಗೆ ನಾಣ್ಯಗಳಿಗೆ ಬೇಕು,” ಅಂದರು.

“ಹೀರೋ ಇನ್ನೂ ಬಾವಿಯಲ್ಲಿದ್ದಾನೆ, ಮೇಡಂ. ಮಂಗಳವಾರ ಆ ಮನುಷ್ಯ ಬರ್ತಾನೆ.”

ಮೇಡಂ ನನ್ನನ್ನೇ ನೋಡಿದರು. ಆಮೇಲೆ ಬೀಗದ ಕೈ ತೆಗೆದು, ಮುಂದಿನ ಹಾಳೆ ತಿರುವಿದರು.

ಹೀರೋ ಮನೆ ಸೇರಿದ ಮೇಲೆಯೇ ನಾಣ್ಯಗಳು ಪೆಟ್ಟಿಗೆ ಸೇರಿದವು.